ಕುಕ್ಕರಹಳ್ಳಿ ಕೆರೆಯಲ್ಲಿ ಕೆಂಪು ಕಾಲಿನ ಬಕ, ಯಾವ ಹಕ್ಕಿ ಇದು?

ಏರಿಮೇಲಿನವಳು

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಹಕ್ಕಿ ನೋಡುವವಳಲ್ಲ, ವಾಕಿಂಗ್ ಮಾಡುವವಳು. ಶುಗರ್ ಬಾರ್ಡರಿಗೆ ಬಂದಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ. ಹೋದ ದೀಪಾವಳಿಗೆ ನನ್ನ ತಮ್ಮ ಒಂದು ಬೈನಾಕ್ಯುಲರ್ ಕೊಡಿಸಿದ. ಆವತ್ತಿನಿಂದ ಮುಕ್ಕಾಲು ಗಂಟೆಯ ವಾಕಿಂಗ್ ಎರಡು ಗಂಟೆ ಆಗಿದೆ, ಶುಗರ್ ಮಾತ್ರ ಅಲ್ಲೇ ಇದೆ.

ವಿಷಯಕ್ಕೆ ಬರುತ್ತೇನೆ. ಯುಗಾದಿ ಆದ ಮೂರನೇ ದಿನ ನೀರಂಚಿನ ಕಲ್ಲಿನ ಮೇಲೆ ಒಂದು ಬಕ ಕೂತಿತ್ತು. ದಿನಾ ನೋಡುವ ಮಣ್ಣು ಬಣ್ಣದ ಬಕದಷ್ಟೇ ಗಾತ್ರ, ಅದೇ ಥರ ಕತ್ತು ಒಳಗೆ ಎಳೆದುಕೊಂಡು, ಪಿಂಚಣಿ ಬರದ ಮುದುಕರ ಹಾಗೆ ಮುಖ ಮಾಡಿಕೊಂಡು ಕೂರುವುದು. ಆದರೆ ಬೆನ್ನು ಪೂರ್ತಿ ಬೀಟ್‌ರೂಟ್ ಬಣ್ಣ! ತಲೆ, ಕತ್ತು ತೆಳು ಹಳದಿ. ನೆತ್ತಿಯಿಂದ ಎರಡು ಮೂರು ಬಿಳಿ ಗರಿ ದಾರದ ಹಾಗೆ ಹಿಂದಕ್ಕೆ ಇಳಿಬಿದ್ದಿದ್ದವು. ಕೊಕ್ಕಿನ ಬುಡ ನೀಲಿ, ತುದಿ ಕಪ್ಪು. ಕಾಲು ಕೆಂಪು, ಅಂದರೆ ನಿಜವಾಗಲೂ ಕೆಂಪು. ಹತ್ತು ಹೆಜ್ಜೆ ಆಚೆ ಮಾಮೂಲಿ ಬಕ ಇನ್ನೊಂದು ಕೂತಿತ್ತು, ಹಾಗಾಗಿ ಪಕ್ಕಪಕ್ಕ ಇಟ್ಟು ನೋಡಿದ ಹಾಗೇ ಆಯ್ತು.

ಮನೆಯವರಿಗೆ ಹೇಳಿದರೆ "ಹೋಳಿ ದಿನ ಯಾರೋ ಬಣ್ಣ ಎರಚಿದ್ದಾರೆ, ಇನ್ನೂ ಬಿಟ್ಟಿಲ್ಲ" ಅಂದರು. ಇಂಟರ್ನೆಟ್‌ನಲ್ಲಿ ಹುಡುಕಿದಾಗ ಚೀನೀ ಕೊಳಬಕ ಅಂತ ಒಂದು ಸಿಕ್ಕಿತು, ಅದಕ್ಕೂ ಕೆಂಪು ಇದೆ. ಅಪರೂಪದ್ದು ಕಣ್ಣಿಗೆ ಬಿತ್ತು ಅಂತ ರಾತ್ರಿ ನಿದ್ದೆ ಬರಲಿಲ್ಲ. ಹೌದಾ, ಅಲ್ವಾ?

ಇನ್ನೊಂದು. ಜನವರಿಯಲ್ಲಿ ನೀರಿನ ಮಧ್ಯೆ ಗುಂಪಾಗಿ ತೇಲುತ್ತಿದ್ದ ಬಾತುಗಳು ಈಗ ಒಂದೂ ಇಲ್ಲ. ನೀರು ಬೇರೆ ಹಸಿರು ತಿರುಗಿದೆ, ಒಂದು ಮೂಲೆಯಲ್ಲಿ ವಾಸನೆ. ಕೆರೆ ಕೆಟ್ಟಿತು ಅಂತ ಎದ್ದು ಹೋದವಾ?

ಹಾವಕ್ಕಿ

ಮೇಡಂ, ನಿಮ್ಮ ನಿದ್ದೆ ವಾಪಸ್ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದು ನೀವು ದಿನಾ ನೋಡುವ ಅದೇ ಕೊಳದ ಬಕ. ಹತ್ತು ಹೆಜ್ಜೆ ಆಚೆ ಇದ್ದದ್ದೂ ಅದೇ ಜಾತಿ. ಒಂದು ಮದುವೆ ಬಟ್ಟೆ ಹಾಕಿಕೊಂಡಿದೆ, ಇನ್ನೊಂದು ಇನ್ನೂ ಹಾಕಿಲ್ಲ, ಅಷ್ಟೇ.

ಚೀನೀ ಕೊಳಬಕ ಆಗಿದ್ದರೆ ಬಣ್ಣ ತಲೆಕೆಳಗಾಗಿರುತ್ತಿತ್ತು. ಅದರಲ್ಲಿ ತಲೆ, ಕತ್ತು ಕಡು ಕೆಂಪು, ಬೆನ್ನು ಕರಿಬೂದಿ. ನಿಮ್ಮದರಲ್ಲಿ ತಲೆ ಹಳದಿ, ಬೆನ್ನು ಕೆಂಪು. ನೀವು ಇಷ್ಟು ಚೆನ್ನಾಗಿ ಗುರುತು ಹಾಕಿಕೊಂಡು ಬಂದಿದ್ದಕ್ಕೇ ಫೋಟೋ ಇಲ್ಲದೆ ಹೇಳಲು ಆಯ್ತು, ಎಷ್ಟೋ ಜನ "ಸರ್ ಒಂದು ಕಂದು ಹಕ್ಕಿ, ಏನದು" ಅಂತ ಕೇಳುತ್ತಾರೆ. ಕಾಲು ಕೆಂಪಾಗುವುದು ಎಲ್ಲಾ ಬಕಕ್ಕೂ ಆಗುವುದಿಲ್ಲ, ಆದರೂ ಸ್ವಲ್ಪ ದಿನ ಮಾತ್ರ ಇರುತ್ತದೆ. ಗಂಡು ಹೆಣ್ಣು ಎರಡೂ ಹೀಗೆ ಬಣ್ಣ ಬದಲಾಯಿಸುತ್ತವೆ, ನೋಡಿ ಯಾವುದು ಯಾವುದು ಅಂತ ಹೇಳಲು ಬರುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಮರದಲ್ಲಿ ಗೂಡು ಕಟ್ಟಿರುತ್ತವೆ.

ಈಗ ಕಣ್ಣು ಬಿಟ್ಟುಕೊಂಡು ಸುತ್ತಿ, ಇದೊಂದೇ ಅಲ್ಲ. ಗೋವಕ್ಕಿ ನೋಡಿ, ಚಳಿಗಾಲದಲ್ಲಿ ಅಚ್ಚ ಬಿಳಿ ಇದ್ದದ್ದು ಈಗ ತಲೆ ಕತ್ತಿಗೆ ಅರಿಶಿನ ಕುಂಕುಮ ಕಲಸಿ ಹಚ್ಚಿದ ಹಾಗಿರುತ್ತದೆ. ಗುಳುಮುಳುಕನ ಕೆನ್ನೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಬಾಯಿಯ ಮೂಲೆಯಲ್ಲಿ ಒಂದು ತೆಳು ಹಳದಿ ಚುಕ್ಕೆ ಬಂದಿರುತ್ತದೆ. ಬಾಲದ ದೇವನಕ್ಕಿ ಎಲ್ಲಾದರೂ ಸಿಕ್ಕರೆ ಅದರ ಬಾಲ ಉದ್ದ ಬೆಳೆಯುತ್ತಿರುವುದನ್ನು ವಾರವಾರ ನೋಡಬಹುದು. ನಾನು ಶುರು ಮಾಡಿದಾಗ ಹೊಸ ಹಕ್ಕಿ ಬೇಕು, ಹೊಸ ಹಕ್ಕಿ ಬೇಕು ಅಂತ ಬೈಕ್ ಹತ್ತಿ ಊರೂರು ಸುತ್ತುತ್ತಿದ್ದೆ. ಈಗ ಇರುವ ಇಪ್ಪತ್ತು ಹಕ್ಕಿಯನ್ನೇ ನೋಡುತ್ತೇನೆ, ಅವೇ ವರ್ಷಕ್ಕೆ ಎರಡು ಸಲ ಹೊಸದಾಗುತ್ತವೆ.

ಬಾತುಗಳು ಕೆರೆ ಕೆಟ್ಟು ಹೋದದ್ದಲ್ಲ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಎಲ್ಲ ಚಳಿಗಾಲ ಕಳೆಯಲು ಉತ್ತರದಿಂದ ಬಂದವು. ಬಿಸಿಲು ಏರಿದ ಹಾಗೆ ಮರಿ ಮಾಡಲು ವಾಪಸ್ ಹೋಗುತ್ತವೆ. ನಂಜನಗೂಡು ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳದ್ದೂ ಇದೇ ಕಥೆ. ಅಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿದ್ದ ಹೆಬ್ಬಾತು ಸಿಕ್ಕಿ, ಪಟ್ಟಿ ಹಾಕಿದ್ದು ಮಂಗೋಲಿಯಾದಲ್ಲಿ ಅಂತ ಗೊತ್ತಾಗಿತ್ತು. ಹಿಮಾಲಯ ದಾಟುವಾಗ ಈ ಜಾತಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ನಮ್ಮೂರ ಗದ್ದೆಯಲ್ಲಿ ಭತ್ತದ ಕೂಳೆ ತಿಂದು ಅಷ್ಟೆತ್ತರ ಹೋಗುತ್ತವೆ ನೋಡಿ.

ಆದರೆ ಹಸಿರು ನೀರು ಬೇರೆ ವಿಷಯ, ಅದನ್ನು ಸುಮ್ನೆ ಬಿಡಬೇಡಿ. ಕೊಳಚೆ ಸೇರಿದ ನೀರಿಗೆ ಬಿಸಿಲು ಬಿದ್ದರೆ ಪಾಚಿ ವಿಪರೀತ ಬೆಳೆಯುತ್ತದೆ. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ತಾನೇ ಅದನ್ನು ಎಳೆದುಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಮೀನಿಗೆ ಉಸಿರು ಸಾಲುವುದಿಲ್ಲ. ಆಗ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಬಕ, ನೀರುಕಾಗೆ, ಹೆಜ್ಜಾರ್ಲೆ (ಪೆಲಿಕನ್) ಎಲ್ಲ ದಂಡೆಗೆ ಮುತ್ತುತ್ತವೆ. ನೋಡುವವರು "ಆಹಾ, ಇವತ್ತು ಎಷ್ಟು ಹಕ್ಕಿ" ಅಂದುಕೊಳ್ಳುತ್ತಾರೆ. ಅಂಥ ದಿನ ಕಂಡರೆ ತಾರೀಕು, ಗಂಟೆ, ಜಾಗ ಬರೆದಿಡಿ.

ಬೋಗಾದಿ ಬ್ಯಾಚುಲರ್

ಇದೇ ಸಮಯ ಅಂತ ನಾನೂ ಒಂದು ಕೇಳಿಬಿಡುತ್ತೇನೆ. ನನ್ನ ರೂಮಿನ ಪಕ್ಕದ ಮಾವಿನ ಮರದಲ್ಲಿ ಕೋಗಿಲೆ ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡುತ್ತದೆ. ಕವಿಗಳು ಯಾರೂ ನೈಟ್ ಶಿಫ್ಟ್ ಮಾಡಿದವರಲ್ಲ ಅನ್ನಿಸುತ್ತೆ. ಹೆಣ್ಣು ಕೋಗಿಲೆ ಗಂಡನ್ನು ಕರೆಯುತ್ತಾ ಹೀಗೆ ಹಾಡುವುದು ಅಂತಾರಲ್ಲ, ಇದಕ್ಕೆ ಯಾವಾಗ ಗಂಡು ಸಿಗುತ್ತೆ?

ಹಾವಕ್ಕಿ

ಹಾಡುವುದು ಗಂಡು ಮಾರಾಯ, ಕರಿ ಮೈ, ಕೆಂಪು ಕಣ್ಣು. ಹೆಣ್ಣು ಕಂದು, ಮೈಯೆಲ್ಲ ಬಿಳಿ ಚುಕ್ಕೆ, ಅದು "ಕಿಕ್ ಕಿಕ್ ಕಿಕ್" ಅಂತ ಚುಟುಕಾಗಿ ಕೂಗುತ್ತದೆ. ಕಾಗೆ ಗೂಡು ಕಟ್ಟಿ ಮುಗಿಸುವವರೆಗೂ ನಿನ್ನ ಕೋಗಿಲೆ ನಿಲ್ಲಿಸುವುದಿಲ್ಲ, ಮೊಟ್ಟೆ ಇಡಬೇಕಾದದ್ದು ಅಲ್ಲೇ ಅಲ್ವಾ. ಹತ್ತಿ ಇಟ್ಟುಕೋ ಕಿವಿಗೆ.

ಶಿಂಷಾ ದಡದವನು

ಅಕ್ಕ, ಹೆಜ್ಜಾರ್ಲೆ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಮದ್ದೂರು ತಾಲ್ಲೂಕು, ಕೊಕ್ಕರೆಬೆಳ್ಳೂರಿನ ಹತ್ತಿರ. ನೀವು ಕೆರೆಯಲ್ಲಿ ಹಕ್ಕಿ ನೋಡುತ್ತೀರಿ, ಅಲ್ಲಿ ಈಗ ಹಕ್ಕಿ ಮನೆ ಹೆಂಚಿನ ಮೇಲೇ. ಊರೊಳಗಿನ ಹುಣಸೆ ಮರ, ಅರಳಿ ಮರದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿವೆ. ಡಿಸೆಂಬರ್ ಹೊತ್ತಿಗೆ ಬಂದರೆ ಮರಿ ಹಾರಿಸಿಕೊಂಡು ಹೋಗುವುದು ಮೇ ಜೂನಿಗೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಹಿರಿಯರು. ನನ್ನ ಸೋದರತ್ತೆ ಮನೆ ಅಲ್ಲೇ, ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋದಾಗ ಅಂಗಳದಲ್ಲಿ ಮಲಗುವಂತಿರಲಿಲ್ಲ, ಮೇಲಿನಿಂದ ಏನು ಬೀಳುತ್ತೆ ಹೇಳಲಾಗದು. ಹಿಕ್ಕೆ ಬಿದ್ದರೆ ಸರಿ, ಅದನ್ನು ಗುಡಿಸಿ ಗದ್ದೆಗೆ ಗೊಬ್ಬರ ಮಾಡುತ್ತಾರೆ. ಒಂದು ಸಲ ಅರ್ಧ ಜೀರ್ಣವಾದ ಮೀನು ನನ್ನ ಅಣ್ಣನ ಹೆಗಲ ಮೇಲೆ ಬಿತ್ತು. ಎರಡು ದಿನ ಅವನ ಹತ್ತಿರ ಯಾರೂ ಮಲಗಲಿಲ್ಲ.

ಗೂಡಿರುವ ಮರದ ಹುಣಸೆಹಣ್ಣು ಕೀಳದೆ ಬಿಟ್ಟವರಿಗೆ ಅರಣ್ಯ ಇಲಾಖೆ ದುಡ್ಡು ಕೊಡುವ ಪದ್ಧತಿ ಇದೆ. 2007ರಲ್ಲಿ ಊರನ್ನು ಸಮುದಾಯ ಮೀಸಲು, ಅಂದರೆ ಊರವರೂ ಸೇರಿ ಕಾಯುವ ರಕ್ಷಿತ ಜಾಗ, ಅಂತ ಘೋಷಿಸಿದರು. ನೋಡಲು ಬರುವುದಾದರೆ ಈಗಲೇ ಬನ್ನಿ. ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ಪೂರ್ತಿ ತೂರಿಸಿ ಮೀನು ತಿನ್ನುವುದು ಬೈನಾಕ್ಯುಲರ್ ಇಲ್ಲದೆ ಕಾಣುತ್ತದೆ.

ಏರಿಮೇಲಿನವಳು

ಹಾವಕ್ಕಿ ಸರ್, ತುಂಬಾ ಥ್ಯಾಂಕ್ಸ್. ಬೇಜಾರೇನೂ ಇಲ್ಲ, ಸ್ವಲ್ಪ ಇದೆ. ತಮ್ಮ ಶಿಂಷಾ, ಮಕ್ಕಳ ಪರೀಕ್ಷೆ ಮುಗಿದ ತಕ್ಷಣ ಬರುತ್ತೇವೆ, ಹಳೇ ಬಟ್ಟೆ ಹಾಕಿಕೊಂಡು.

ಇವತ್ತು ಗೋವಕ್ಕಿ ನೋಡಿದೆ, ನಿಜ, ಅರಿಶಿನ ಕುಂಕುಮವೇ. ಆದರೆ ಬರೆಯುತ್ತಿರುವುದು ಬೇರೆಯದಕ್ಕೆ. ಕೆರೆ ಬಿಟ್ಟು ನಮ್ಮ ಮನೆ ಹಿಂದಿನ ಖಾಲಿ ಸೈಟು ದಾಟುವಾಗ ಒಂದು ಟಿಟ್ಟಿಭ ನನ್ನ ತಲೆಯ ಮೇಲೇ ಹಾರಿ ಹಾರಿ ಕಿರುಚಿತು, ಚಪ್ಪಲಿ ಕಳ್ಳಿಯನ್ನು ಹಿಡಿದ ಹಾಗೆ. ನಾನು ಯಾವ ಕಡೆ ಹೋದರೂ ಬಿಡಲಿಲ್ಲ. ಅದಕ್ಕೇನಾಗಿದೆ?

ಲಿಂಗಾಂಬುಧಿ ಅಜ್ಜಿ

ಏನೂ ಆಗಿಲ್ಲಮ್ಮ, ಮೊಟ್ಟೆ ಇಟ್ಟಿದೆ. ಮರದಲ್ಲಲ್ಲ, ನೆಲದ ಮೇಲೆ. ಗೂಡು ಅನ್ನುವಂಥದ್ದೇನೂ ಇರುವುದಿಲ್ಲ, ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲುಚೂರು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಗಡೆ ಮಾಡಿ ಜೋಡಿಸಿರುತ್ತದೆ, ಬಣ್ಣ ಥೇಟು ಮಣ್ಣು. ಹುಡುಕಲು ಹೋಗಬೇಡಿ, ಕಾಲಿಟ್ಟ ಮೇಲೇ ಗೊತ್ತಾಗುವುದು. ದೂರದ ಕಾಂಪೌಂಡ್ ಹತ್ತಿರ ಅಲ್ಲಾಡದೆ ಹತ್ತು ನಿಮಿಷ ನಿಂತರೆ ಹಕ್ಕಿಯೇ ನಡೆದು ಹೋಗಿ ಕೂತು ತೋರಿಸುತ್ತದೆ. ಮಧ್ಯಾಹ್ನ ಬಿಸಿಲಿನಲ್ಲಿ ನೋಡುವ ತಾಳ್ಮೆ ಇದ್ದರೆ ಇನ್ನೂ ಒಂದು ಕಾಣಬಹುದು. ಹತ್ತಿರ ನೀರಿದ್ದರೆ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಮೊಟ್ಟೆಗೆ ಕಾವು ಕೊಡುವುದಕ್ಕಲ್ಲ, ತಂಪು ಮಾಡುವುದಕ್ಕೆ.

ನನಗೆ ಎಪ್ಪತ್ತು ದಾಟಿದೆ, ಲಿಂಗಾಂಬುಧಿ ಕೆರೆಯ ಪಕ್ಕದಲ್ಲೇ ಮನೆ. ಒಂದು ಸಿಟ್ಟು ಇಲ್ಲೇ ಹೇಳಿಕೊಳ್ಳುತ್ತೇನೆ. ಹೋದ ವರ್ಷ ಇಂಥದೇ ಒಂದು ಗೂಡಿನ ಸುತ್ತ ಮೂವರು ಹುಡುಗರು ಉದ್ದುದ್ದ ಲೆನ್ಸ್ ಇಟ್ಟುಕೊಂಡು ಮಲಗಿದ್ದರು, ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆವರೆಗೆ. ಹಕ್ಕಿ ಕಿರುಚುತ್ತಲೇ ಇತ್ತು, ಮೊಟ್ಟೆ ಬಿಸಿಲಿನಲ್ಲಿ ಬೇಯುತ್ತಿತ್ತು. ಅದರಲ್ಲೊಬ್ಬ ಫೋನಿನಲ್ಲಿ ಟಿಟ್ಟಿಭದ ಕೂಗು ಹಾಕಿ ಹತ್ತಿರ ಕರೆಯಲು ನೋಡುತ್ತಿದ್ದ. ನಾನು ಕೊಡೆ ಎತ್ತಿಕೊಂಡು ಹೋಗಿ ಎಬ್ಬಿಸಿದೆ. "ಅಜ್ಜಿ, ನಾವು ಪಕ್ಷಿಪ್ರೇಮಿಗಳು" ಅಂದ. ಪ್ರೇಮಿಗಳ ಕಾಟವೇ ಜಾಸ್ತಿ ಆಗಿರುವುದು ಅಂದೆ. ಆ ಮೊಟ್ಟೆ ಒಡೆಯಲೇ ಇಲ್ಲ. ಅವರಿಂದಲೇ ಅಂತ ಹೇಳುವುದಿಲ್ಲ, ಆದರೂ.

ಹಾಗೇ ಕಡಲೆಪುರಿ ಚೀಲ ಹಿಡಿದು ಮೀನಿಗೆ ಎಸೆಯುವ ವಾಕಿಂಗ್ ಮಿತ್ರರಿಗೂ ಒಂದು ಮಾತು. ಮೀನು ತಿನ್ನದೆ ಬಿಟ್ಟದ್ದು ಅಲ್ಲೇ ಕೊಳೆಯುತ್ತದೆ. ಆ ಹಸಿರು ಮೂಲೆಗೆ ಅದೂ ಸೇರುತ್ತದೆ.

ಹಾವಕ್ಕಿ

ಅಜ್ಜಿ ಹೇಳಿದ್ದಕ್ಕೆ ಸೇರಿಸಲು ಏನೂ ಇಲ್ಲ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯಲ್ಲೂ ಇದೇ ಗೋಳು. ಕಾವೇರಿ ದಡದ ಮಣ್ಣಿನಲ್ಲಿ ನೀಲಿಬಾಲದ ಕಳ್ಳಿಪೀರಗಳು ಕೈಯುದ್ದಕ್ಕೂ ಮೀರಿ ಬಿಲ ಕೊರೆದು ಮರಿ ಮಾಡುತ್ತವೆ, ಸರಿಯಾಗಿ ಈಗಲೇ. ಬಿಲದ ಬಾಯಿ ಎದುರು ನಾವು ನಿಂತರೆ, ಡ್ರ್ಯಾಗನ್‌ಫ್ಲೈ ಕಚ್ಚಿಕೊಂಡು ಬಂದ ಹಕ್ಕಿ ಒಳಗೆ ಹೋಗದೆ ಎದುರಿನ ತಂತಿ ಮೇಲೆ ಕಾಯುತ್ತಾ ಕೂರುತ್ತದೆ. ಬಾಯಲ್ಲಿ ಹುಳ ಹಿಡಿದು ಸುಮ್ಮನೆ ಕೂತಿದೆ ಅಂದರೆ ನಾವು ಜಾಸ್ತಿ ಹತ್ತಿರ ಇದ್ದೇವೆ ಅಂತ ಅರ್ಥ. ಹಿಂದೆ ಸರಿಯಬೇಕು.

ಏರಿಮೇಲಿನವಳು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅಜ್ಜಿ ಹೇಳಿದ ಹಾಗೇ ಕಾಂಪೌಂಡ್ ಪಕ್ಕ ನಿಂತು ನೋಡಿದೆ. ಸೈಟಿನ ಮೂಲೆಯಲ್ಲಿ ಮನೆ ಕಟ್ಟುವವರು ಕ್ಯೂರಿಂಗ್‌ಗೆ ನೀರು ಬಿಟ್ಟು ಒಂದು ಗುಂಡಿ ತುಂಬಿದೆ. ಮಧ್ಯಾಹ್ನ ಒಂದೂವರೆಗೆ ಟಿಟ್ಟಿಭ ಆ ಗುಂಡಿಗೆ ಇಳಿದು, ಕೋಳಿ ಕಾವಿಗೆ ಕೂರುವ ಹಾಗೆ ನೀರಿನಲ್ಲೇ ಕೂತು, ಆಚೆ ಈಚೆ ಹೊಟ್ಟೆ ಅಲ್ಲಾಡಿಸಿ, ನೀರು ತೊಟ್ಟಿಕ್ಕಿಸಿಕೊಂಡು ಓಡಿ ಹೋಗಿ ಮೊಟ್ಟೆ ಮೇಲೆ ಕೂತಿತು. ಗಾರೆ ಮೇಸ್ತ್ರಿಗೆ ತೋರಿಸಿದೆ. ಅವರು ಆ ಕಡೆ ಜಲ್ಲಿ ಇಳಿಸಬೇಡಿ ಅಂತ ಲಾರಿಯವನಿಗೆ ಹೇಳಿ, ಸುತ್ತ ನಾಲ್ಕು ಸರ್ವೆ ಕೋಲು ನೆಟ್ಟಿದ್ದಾರೆ. ಮೊನ್ನೆ ಮೂರು ಮರಿ ಹೊರಬಂದಿವೆ. ನಾಲ್ಕನೆಯದು ಗೊತ್ತಾಗಲಿಲ್ಲ.

ಕೆರೆಯ ಹಸಿರು ಮೂಲೆಯ ತಾರೀಕು, ಗಂಟೆ ಬರೆದಿಡುತ್ತಿದ್ದೇನೆ, ಒಂಬತ್ತು ದಿನದ್ದು ಆಗಿದೆ.

ಇವತ್ತು ಬೆಳಿಗ್ಗೆ ಮನೆಯವರನ್ನೂ ಎಳೆದುಕೊಂಡು ಹೋಗಿದ್ದೆ. ಅದೇ ಕಲ್ಲಿನ ಮೇಲೆ ಬಕ ಕೂತಿತ್ತು, ಬೆನ್ನು ಬೀಟ್‌ರೂಟೇ, ಆದರೆ ಕಾಲು ಮಾತ್ರ ಮತ್ತೆ ಹಳದಿ. ನಾನು ನೀವು ಹೇಳಿದ್ದನ್ನೆಲ್ಲ ವಿವರಿಸಿದೆ. ಅವರು ಬೈನಾಕ್ಯುಲರ್ ಹಿಡಿದು ಬಹಳ ಹೊತ್ತು ನೋಡಿ, "ನಾನು ಹೇಳಲಿಲ್ವಾ, ನೀರಲ್ಲಿ ನಿಂತು ನಿಂತು ಕಾಲಿನ ಬಣ್ಣ ಮೊದಲು ಬಿಟ್ಟಿದೆ" ಅಂದರು.