ಹತ್ಯಾಕಾಂಡದ ಪಾಠ ಮಕ್ಕಳಿಗೆ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ:
ಒಂಬತ್ತನೇ ತರಗತಿಗೆ ಇತಿಹಾಸ ಹೇಳುತ್ತೇನೆ. ಹೋದ ವರ್ಷ ಯಹೂದಿಗಳ ನರಮೇಧದ ಪಾಠದಲ್ಲಿ ಶಿಬಿರದ ಹೆಣಗಳ ಫೋಟೊ ತೋರಿಸಿದೆ. ಒಬ್ಬ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟವಳು ಬೆಲ್ ಹೊಡೆದರೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ಅವತ್ತಿಂದ ನನಗೆ ಸಮಾಧಾನ ಇಲ್ಲ. ಈ ಸಲ ಅರ್ಧ ಮಕ್ಕಳನ್ನು ಸೈನಿಕರು, ಅರ್ಧ ಮಕ್ಕಳನ್ನು ಕೈದಿಗಳು ಮಾಡಿ ನಾಟಕ ಆಡಿಸಿದರೆ ಹೇಗೆ?

ಉತ್ತರ 1:
ಮೇಡಂ, ನಾಟಕ ಮಾತ್ರ ಬೇಡ. ನಾನೂ ಒಂದು ಸಲ ಮಾಡಿಸಿದ್ದೆ. ಸೈನಿಕರಾದವರಿಗೆ ಅದು ಆಟವಾಯಿತು. ಕೈದಿಯಾದ ಹುಡುಗನಿಗೆ ಆ ಅಡ್ಡಹೆಸರು ವರ್ಷವಿಡೀ ಅಂಟಿಕೊಂಡಿತು. ನಲವತ್ತು ನಿಮಿಷದಲ್ಲಿ ಆ ಸಂಕಟ ಗೊತ್ತಾಯಿತು ಅಂತ ಮಕ್ಕಳು ಅಂದುಕೊಂಡರೆ ಸತ್ತವರಿಗೆ ಅನ್ಯಾಯ ಅಲ್ವಾ? ನಕ್ಕವರ ಮೇಲೆ ಸಿಟ್ಟಾಗಬೇಡಿ. ಹೆದರಿಕೆಗೂ ಮಕ್ಕಳು ನಗುತ್ತಾರೆ.

ನಾನೀಗ ಆಗಿನ ಜರ್ಮನಿಯ ನಾಜಿ ಸರ್ಕಾರದ ಆದೇಶಗಳಿಂದ ಶುರು ಮಾಡುತ್ತೇನೆ. 1933ರಲ್ಲಿ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆದರು. 1935ರಲ್ಲಿ ಪೌರತ್ವದ ಹಕ್ಕು ಹೋಯಿತು. 1938ರ ನವೆಂಬರ್‌ನಲ್ಲಿ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. 1941ರಲ್ಲಿ ಆರು ವರ್ಷ ತುಂಬಿದವರೆಲ್ಲ ಬಟ್ಟೆಗೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. 1942ರಲ್ಲಿ ನಾಯಿ, ಬೆಕ್ಕು ಸಾಕುವ ಹಾಗಿಲ್ಲ ಅಂದರು. ಇದನ್ನು ಬೋರ್ಡ್ ಮೇಲೆ ಬರೆದಾಗ ಒಬ್ಬಳು ಕೇಳಿದಳು, "ಸರ್, ಆ ನಾಯಿಗಳನ್ನು ಯಾರು ತಗೊಂಡು ಹೋದ್ರು?" ಉಳಿದ ಪೀರಿಯಡ್ ಪೂರ್ತಿ ಅದೇ ಮಾತು. ಆದೇಶ ಟೈಪ್ ಮಾಡಿದವರು ಯಾರು? ಮುದ್ರೆ ಒತ್ತಿದವರು ಯಾರು? ಖಾಲಿಯಾದ ಮನೆಗೆ ಬಂದು ಸೇರಿಕೊಂಡವರು ಯಾರು? ಸತ್ತವರು 60 ಲಕ್ಷ ಅನ್ನುವುದನ್ನು ಆಮೇಲೆ ಹೇಳಿದೆ. ಆಗ ಯಾರೂ ನಗಲಿಲ್ಲ.

ಹಾಗೇ ಆ ಯಹೂದಿಗಳು ಬದುಕಿದ ರೀತಿಯನ್ನೂ ತೋರಿಸಿ. ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಬಡಾವಣೆಯಲ್ಲಿ, ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಮತ್ತು ಸಂಗಡಿಗರು ಡೈರಿ, ರೇಷನ್ ಚೀಟಿ, ಮಕ್ಕಳು ಬರೆದ ಪ್ರಬಂಧ, ಮಿಠಾಯಿ ಸುತ್ತಿದ ಕಾಗದ ಎಲ್ಲವನ್ನೂ ಗುಟ್ಟಾಗಿ ಕೂಡಿಟ್ಟರು. ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಿಗೆ ತುಂಬಿ ನೆಲದಲ್ಲಿ ಹೂತರು. 1944ರಲ್ಲಿ ನಾಜಿಗಳು ರಿಂಗೆಲ್‌ಬ್ಲಮ್ ಅವರನ್ನು ಕೊಂದರು. 1946ರಲ್ಲಿ ಪೆಟ್ಟಿಗೆಗಳು, 1950ರಲ್ಲಿ ಎರಡು ಕ್ಯಾನು ಸಿಕ್ಕವು. ಆ ಮಿಠಾಯಿ ಕಾಗದದ ವಿಷಯ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ, ಸಾಕು.

ಉತ್ತರ 2:
ಜರ್ಮನಿಗೇ ನಿಲ್ಲಿಸಬೇಡಿ. ರುವಾಂಡಾದ ಗುರುತಿನ ಚೀಟಿಯ ಬಗ್ಗೆಯೂ ಹೇಳಿ. ಹುಟು, ಟುಟ್ಸಿ ಅನ್ನುವುದು ಆ ಆಫ್ರಿಕನ್ ದೇಶದ ಎರಡು ಜನಾಂಗ. ಯಾರು ಯಾವ ಜನಾಂಗ ಅಂತ ಚೀಟಿಯಲ್ಲಿ ಬರೆಯುವುದನ್ನು 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ತಂದಿತು. 1994ರಲ್ಲಿ ರಸ್ತೆ ತಡೆದು ಅದೇ ಚೀಟಿ ನೋಡಿ ಟುಟ್ಸಿಗಳನ್ನು ಕೊಂದರು. ಮತ್ತೆ, ಕೊನೇ ಪೀರಿಯಡ್‌ನಲ್ಲಿ ಈ ಪಾಠ ಇಟ್ಟುಕೊಳ್ಳಬೇಡಿ. ಮಾತಾಡಲು ಸಮಯ ಸಿಗದೆ ಮಕ್ಕಳು ಅದನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಾರೆ.

ಪ್ರಶ್ನೆ ಕೇಳಿದವರು:
ನಾಟಕ ಕೈಬಿಟ್ಟೆ. ಆ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಅವತ್ತು ಏನೂ ಕೇಳದೆ ಕಳಿಸಿಬಿಟ್ಟಿದ್ದೆ. ನಾಳೆ ಕರೆದು ಮಾತಾಡಿಸುತ್ತೇನೆ.