ಪದಚರ್ಚೆ: ಎಚ್‌ಟಿಎಂಎಲ್ ಮರದ ‘ಸಿಬ್ಲಿಂಗ್’ – ಒಡಹುಟ್ಟೋ, ಅಣ್ಣ-ತಮ್ಮನೋ?

ಎಲ್ಲರಿಗೂ ನಮಸ್ಕಾರ.

ವೆಬ್ ಪುಟಗಳ ರಚನೆಯನ್ನು ಟೆಸ್ಟ್ ಮಾಡಲು ಕಲಿಯುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಎಚ್‌ಟಿಎಂಎಲ್‌ನಲ್ಲಿ (ವೆಬ್ ಪುಟ ಬರೆಯುವ ಭಾಷೆ) ಬರೆದ ಪುಟವನ್ನು ಬ್ರೌಸರ್ ಮರದ ರೂಪದಲ್ಲಿ ಇಟ್ಟುಕೊಳ್ಳುತ್ತದೆ: ಹೊರಗಿನ ಭಾಗ ಪೇರೆಂಟ್, ಅದರೊಳಗಿನದು ಚೈಲ್ಡ್. ಪೇರೆಂಟ್‌ಗೆ ತಾಯಿ, ಚೈಲ್ಡ್‌ಗೆ ಮಗು ಎಂದು ಬರೆದೆ, ಸಲೀಸಾಗಿ ಕೂತವು. ಟೇಬಲ್ ಒಳಗೆ ನೇರವಾಗಿ ಟಿಆರ್ (ಟೇಬಲ್‌ನ ಒಂದು ಸಾಲು) ಬರೆದರೂ ಬ್ರೌಸರ್ ನಡುವೆ ತಾನಾಗಿ ಒಂದು ಟಿಬಾಡಿ (ಸಾಲುಗಳನ್ನು ಒಟ್ಟಿಗೆ ಹಿಡಿದಿಡುವ ಭಾಗ) ಸೇರಿಸುತ್ತದೆ; ಹಾಗಾಗಿ ಟಿಆರ್ ಮಗುವಲ್ಲ, ಮೊಮ್ಮಗು. ಮಗು ಎಂದುಕೊಂಡು ಹುಡುಕುವ ಟೆಸ್ಟ್ ಫೇಲ್ ಆಗುವುದು ಅದಕ್ಕೇ. ಇಷ್ಟು ಹೇಳಿದರೆ ಓದುವವರಿಗೆ ತಿಳಿಯುತ್ತದೆ.

ತೊಡಕು ಇರುವುದು ಸಿಬ್ಲಿಂಗ್‌ನಲ್ಲಿ, ಅಂದರೆ ಒಂದೇ ತಾಯಿಯ ಮಕ್ಕಳನ್ನು ಕರೆಯುವ ಪದದಲ್ಲಿ. ‘ಒಡಹುಟ್ಟು’ ಒಳ್ಳೆಯ ಪದವೇ, ಆದರೆ ಸಾಲುವುದಿಲ್ಲ. 1999ರ ಎಕ್ಸ್‌ಪಾತ್ 1.0ರಲ್ಲೇ (ಈ ಮರದಲ್ಲಿ ಬೇಕಾದ ಭಾಗವನ್ನು ಹುಡುಕುವ ಭಾಷೆ) ಪ್ರಿಸೀಡಿಂಗ್-ಸಿಬ್ಲಿಂಗ್ (ಮೊದಲು ಬರುವುದು), ಫಾಲೋಯಿಂಗ್-ಸಿಬ್ಲಿಂಗ್ (ಆಮೇಲೆ ಬರುವುದು) ಎಂದು ಎರಡು ದಿಕ್ಕುಗಳಿವೆ. ಪಿನ್‌ಕೋಡ್ ತಪ್ಪಾದಾಗ ಎಚ್ಚರಿಕೆಯ ಸಾಲು ಆ ಇನ್‌ಪುಟ್ ಆದಮೇಲೆಯೇ ಬಂದಿದೆಯೇ ಎಂದು ನೋಡಬೇಕಾದರೆ ದಿಕ್ಕು ಮುಖ್ಯ.

‘ಹಿಂದಿನ, ಮುಂದಿನ’ ಎನ್ನೋಣವೆಂದರೆ ಎರಡೂ ಅರ್ಥ ಬರುತ್ತದೆ. ಮುಂದಿನ ಪುಟ ಆಮೇಲೆ ಬರುವಂಥದ್ದು. ಕ್ಯೂನಲ್ಲಿ ನನ್ನ ಮುಂದಿರುವವರು ನನಗಿಂತ ಮೊದಲು ಕೌಂಟರ್ ತಲುಪುವವರು. ‘ಮೇಲಿನ, ಕೆಳಗಿನ’ ಎಂದರೆ ತಾಯಿ-ಮಗುವಿನ ಸಂಬಂಧದೊಂದಿಗೆ ಕಲೆಸಿಹೋಗುತ್ತದೆ.

ಮೊದಲು ಬರುವುದಕ್ಕೆ ಅಣ್ಣ, ಆಮೇಲೆ ಬರುವುದಕ್ಕೆ ತಮ್ಮ ಎಂದು, ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಭಾಷೆಯ ಬಗ್ಗೆ ಬರೆದು ನೋಡಿದೆ: ‘ಸಿಎಸ್‌ಎಸ್‌ನ ಪ್ಲಸ್ ಗುರುತು ಪಕ್ಕದ ತಮ್ಮನನ್ನು ಮಾತ್ರ ಹಿಡಿಯುತ್ತದೆ, ಟಿಲ್ಡೆ (~) ಎಲ್ಲ ತಮ್ಮಂದಿರನ್ನೂ ಹಿಡಿಯುತ್ತದೆ, ಅಣ್ಣನನ್ನು ಹಿಡಿಯಲು ಹ್ಯಾಸ್ ಬೇಕು.’ (ಹ್ಯಾಸ್ ಸಿಎಸ್‌ಎಸ್‌ನದೇ ಒಂದು ಷರತ್ತು; ಅದು ಫೈರ್‌ಫಾಕ್ಸ್ ಬ್ರೌಸರ್‌ಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ.) ವಾಕ್ಯ ಎಷ್ಟು ಹಗುರವಾಗಿ ಓದಿಸಿಕೊಳ್ಳುತ್ತದೆ ನೋಡಿ! ದಿಕ್ಕು ಪದದೊಳಗೇ ಇದೆ, ಬೇರೆ ವಿಶೇಷಣ ಬೇಡ.

ಆದರೂ ಒಂದು ಅನುಮಾನ. ಅಣ್ಣನೆಂದರೆ ಮೊದಲು ಹುಟ್ಟಿದವನು. ಪುಟ ತೆರೆದಮೇಲೆ ಸ್ಕ್ರಿಪ್ಟ್ ಒಂದು ಹೊಸ ಡಿವ್ (ಪುಟದ ಒಂದು ಭಾಗ) ಅನ್ನು ಸಾಲಿನ ಆರಂಭಕ್ಕೆ ತಂದು ಸೇರಿಸಿದರೆ, ಕೊನೆಗೆ ಹುಟ್ಟಿದ್ದೇ ಎಲ್ಲರಿಗೂ ಅಣ್ಣನಾಗುತ್ತದೆ. ಎಕ್ಸ್‌ಪಾತ್ ನೋಡುವುದು ಪುಟದಲ್ಲಿರುವ ಕ್ರಮವನ್ನು, ಹುಟ್ಟಿದ ಹೊತ್ತನ್ನಲ್ಲ. ಕಲಿಯುವವರು ಇಲ್ಲಿ ಎಡವಬಹುದು. ‘ಮೊದಲಿನ ಒಡಹುಟ್ಟು, ಆಮೇಲಿನ ಒಡಹುಟ್ಟು’ ಎಂದರೆ ಈ ತೊಂದರೆಯಿಲ್ಲ, ಆದರೆ ಉದ್ದವಾಯಿತು.

ನನ್ನ ಒಲವು ಅಣ್ಣ-ತಮ್ಮನ ಕಡೆಗೇ, ಕ್ರಮದ ಬಗ್ಗೆ ಒಂದು ಟಿಪ್ಪಣಿ ಸೇರಿಸಿ. ಟೆಸ್ಟಿಂಗ್ ಕೆಲಸದಲ್ಲಿರುವವರು, ಪಾಠ ಹೇಳುವವರು ಏನು ಬಳಸುತ್ತೀರಿ? ಮಗು ನಪುಂಸಕಲಿಂಗ, ಅಣ್ಣ ಪುಲ್ಲಿಂಗ. ಒಂದೇ ಮರದಲ್ಲಿ ಎರಡೂ ಬಂದರೆ ಕಿವಿಗೆ ಕಿರಿಕಿರಿಯೇ? ಹಾಗಿದ್ದರೆ ‘ಹಿರಿಯದು, ಕಿರಿಯದು’ ಆದೀತೇ?