ಮನೆಯಲ್ಲೇ ಮಲಗಬೇಕಾ, ದವಾಖಾನೆಗೆ ಹೋಗಬೇಕಾ: ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿ ಸುತ್ತ ಯಾವ ಮನೆಗೆ ಹೋದರೂ ಒಬ್ಬರು ಜ್ವರ ಅಂತ ಮಲಗಿದ್ದಾರೆ. ಹಾಗಾಗಿ ಇವತ್ತು ಭಾನುವಾರ ಸಂಜೆ 7ರಿಂದ 9ರವರೆಗೆ ಡಾಕ್ಟರ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಯಾವಾಗ ದವಾಖಾನೆಗೆ ಓಡಬೇಕು, ಯಾವಾಗ ಮನೆಯಲ್ಲಿ ರೆಸ್ಟ್ ಸಾಕು, ಅಷ್ಟೇ ಕೇಳಿ. ಫಾರ್ವರ್ಡ್ ಬೇಡ. ಹೂವಿನ ಮೇಲೆ ಶುಭ ಸಂಜೆ ಬರೆದ ಫೋಟೋನೂ ಬೇಡ.

ಯಾದಗಿರಿ ಹುಡುಗ: ಮೇಡಂ, ನಿನ್ನೆಯಿಂದ ಮೂಗು ಸೋರುತ್ತಿದೆ, ಗಂಟಲು ಕೆರೆತ, ಜ್ವರ 100. ಮೆಡಿಕಲ್‌ನವರು ಅಜಿತ್ರೋಮೈಸಿನ್ ಕೊಟ್ಟಿದ್ದಾರೆ. ತೆಗೆದುಕೊಳ್ಳಲಾ?

ಡಾಕ್ಟರ್ ಮೇಡಂ: ಬೇಡ. ಇದು ನೆಗಡಿ, ಆಂಟಿಬಯೋಟಿಕ್‌ಗೆ ಇಲ್ಲಿ ಕೆಲಸ ಇಲ್ಲ. ಮನೆಯಲ್ಲಿರಿ, ಚೆನ್ನಾಗಿ ನೀರು ಕುಡಿಯಿರಿ, ಮಲಗಿ. ಮೈಕೈ ನೋವಿದ್ದರೆ ಪ್ಯಾರಾಸಿಟಮಾಲ್ 650, ಆರು ಗಂಟೆ ಅಂತರ ಇರಲಿ, ದಿನಕ್ಕೆ ನಾಲ್ಕು ದಾಟಬೇಡಿ. ಜ್ವರ ಮೂರು ದಿನ ದಾಟಿದರೆ, ಇಲ್ಲಾ ಉಸಿರಾಟ ಕಷ್ಟ ಆದರೆ ಆಗ ಡಾಕ್ಟರನ್ನು ನೋಡಿ.

ಆಳಂದ ಟೀಚರ್: ನಮ್ಮ ಅತ್ತೆಗೆ ಬೆಳಿಗ್ಗೆಯಿಂದ ಐದಾರು ಸಲ ಭೇದಿ ಆಗಿದೆ. ಓಆರ್‌ಎಸ್ ಅರ್ಧ ಪ್ಯಾಕೆಟ್ ಒಂದು ಗ್ಲಾಸಿಗೆ ಹಾಕಿ ಕೊಡುತ್ತಿದ್ದೇವೆ.

ಡಾಕ್ಟರ್ ಮೇಡಂ: ಹಾಗೆ ಕಲಸಬೇಡಿ, ಉಪ್ಪಿನ ಅಂಶ ಜಾಸ್ತಿಯಾಗಿ ತೊಂದರೆಯೇ ಆಗುತ್ತದೆ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಸಮ ಮಾಡಿ ಅಳೆಯಿರಿ. ಮಜ್ಜಿಗೆ, ಗಂಜಿ ಕೊಡಬಹುದು. ಮೂತ್ರ ಆಗುತ್ತಿದೆ, ಮಾತು ಸರಿಯಿದೆ ಅಂದರೆ ಮನೆಯಲ್ಲೇ ನೋಡಿ. ಭೇದಿಯಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿ, ಮಂಪರು, ಇವುಗಳಲ್ಲಿ ಒಂದಿದ್ದರೂ ಹೊರಡಿ. ಬಿಪಿ ಗುಳಿಗೆ ತೆಗೆದುಕೊಳ್ಳುತ್ತಾರಾ?

ಆಳಂದ ಟೀಚರ್: ಹೌದು ಮೇಡಂ, ಮೂತ್ರ ಹೋಗೋ ಗುಳಿಗೆನೂ ಇದೆ.

ಡಾಕ್ಟರ್ ಮೇಡಂ: ಹಾಗಾದರೆ ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಈ ರಾತ್ರಿಯೇ ಫೋನ್ ಮಾಡಿ ಕೇಳಿ. ಮೈಯಲ್ಲಿ ನೀರು ಕಡಿಮೆ ಇರುವಾಗ ಆ ಗುಳಿಗೆ ಕಿಡ್ನಿಗೆ ಭಾರ ಆಗಬಹುದು.

ಸೂಪರ್ ಮಾರ್ಕೆಟ್ ಅಣ್ಣ: ಥೈರಾಯ್ಡ್ ಗುಳಿಗೆ ಊಟಕ್ಕೆ ಮುಂಚೆನೋ ಆಮೇಲೋ?

ಶಹಾಬಾದ್ ಅಕ್ಕ: ಮೇಡಂ ನಮಸ್ಕಾರ. ನನ್ನ ಮಗ 11 ವರ್ಷ. ಮಂಗಳವಾರದಿಂದ ಜೋರು ಜ್ವರ ಇತ್ತು, ಶುಕ್ರವಾರ ರಕ್ತ ಪರೀಕ್ಷೆಯಲ್ಲಿ ಡೆಂಗಿ ಪಾಸಿಟಿವ್ ಬಂತು, ಪ್ಲೇಟ್‌ಲೆಟ್ 1 ಲಕ್ಷ 10 ಸಾವಿರ. ದೇವರ ದಯೆ, ನಿನ್ನೆ ರಾತ್ರಿ ಜ್ವರ ಬಿಟ್ಟಿತು. ಈಗ ಬರೀ ಮಲಗೇ ಇದ್ದಾನೆ, ಹೊಟ್ಟೆ ನೋವು ಅಂತಾನೆ, ಮಧ್ಯಾಹ್ನದಿಂದ ಮೂರು ಸಲ ವಾಂತಿ. ನಿಶ್ಶಕ್ತಿಗೆ ಏನು ಕೊಡಬೇಕು?

ಬೀದರ್ ಮಾಸ್ತರ್: ತಂಗೀ, ಪಪ್ಪಾಯ ಎಲೆ ರಸ ಎರಡು ಚಮಚ, ಮೂರು ಹೊತ್ತು. 24 ತಾಸಿನಲ್ಲಿ ಪ್ಲೇಟ್‌ಲೆಟ್ ಲಕ್ಷಗಟ್ಟಲೆ ಏರುತ್ತದೆ. ಈ ಮೆಸೇಜ್ ಹತ್ತು ಮಂದಿಗೆ ಕಳಿಸಿ, ಒಂದು ಜೀವ ಉಳಿಸಿ.

ಡಾಕ್ಟರ್ ಮೇಡಂ: ಮಾಸ್ತರ್, ನಿಲ್ಲಿಸಿ. ಉಳಿದವರೂ ಸ್ವಲ್ಪ ಸುಮ್ಮನಿರಿ. ಅಕ್ಕಾ, ಎರಡೇ ಪ್ರಶ್ನೆ. ಹುಡುಗ ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಕೈ ಕಾಲು ಮುಟ್ಟಿ ನೋಡಿ, ತಣ್ಣಗಿವೆಯಾ?

ಶಹಾಬಾದ್ ಅಕ್ಕ: ಬೆಳಿಗ್ಗೆ ಸ್ವಲ್ಪ ಆಗಿತ್ತು, ಆಮೇಲೆ ಹೋಗಿಲ್ಲ. ಪಾದ ತಣ್ಣಗಿದೆ. ಜ್ವರ ಬಿಟ್ಟಿದ್ದಕ್ಕೆ ತಣ್ಣಗಾಗಿದೆ ಅಂತ ಅಂದುಕೊಂಡೆ. ಇಲ್ಲಿ ಊರ ಡಾಕ್ಟರ್ ನಾಳೆ ಬೆಳಿಗ್ಗೆ ಮನೆಗೆ ಬಂದು ಸಲೈನ್ ಹಚ್ಚುತ್ತೇನೆ ಅಂದಿದ್ದಾರೆ.

ಡಾಕ್ಟರ್ ಮೇಡಂ: ನಾಳೆ ಬೆಳಿಗ್ಗೆ ಅಲ್ಲ, ಈಗಲೇ ಹೊರಡಿ. 108ಕ್ಕೆ ಫೋನ್ ಮಾಡಿ, ಗಾಡಿ ತಡ ಅಂದರೆ ಓಣಿಯಲ್ಲಿ ಯಾರದಾದರೂ ಕಾರು ಕೇಳಿ. ಕಲಬುರಗಿ ಜಿಮ್ಸ್ ತುರ್ತು ವಿಭಾಗಕ್ಕೆ ಬನ್ನಿ, ಇಲ್ಲಾ ರಾತ್ರಿ ಮಕ್ಕಳ ಡಾಕ್ಟರ್ ಇರುವ ಯಾವುದೇ ದೊಡ್ಡ ದವಾಖಾನೆಗೆ. ಬಾಗಿಲಲ್ಲೇ ಹೀಗೆ ಹೇಳಿ: ಡೆಂಗಿ ಪಾಸಿಟಿವ್, ಇವತ್ತು ಆರನೇ ದಿನ, ಜ್ವರ ನಿನ್ನೆ ಬಿಟ್ಟಿದೆ, ಹೊಟ್ಟೆ ನೋವು, ಮೂರು ವಾಂತಿ, ಬೆಳಿಗ್ಗೆಯಿಂದ ಮೂತ್ರ ಇಲ್ಲ, ಪಾದ ತಣ್ಣಗಿದೆ. ಬರೀ ಜ್ವರ ಇತ್ತು ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. ದಾರಿಯಲ್ಲಿ ಎಚ್ಚರ ಇದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಶುಕ್ರವಾರದ ರಿಪೋರ್ಟ್ ಮರೆಯಬೇಡಿ.

ಶಹಾಬಾದ್ ಅಕ್ಕ: ಅಯ್ಯೋ ಮೇಡಂ, ಅಷ್ಟು ಸೀರಿಯಸ್ಸಾ? ಮಾತಾಡ್ತಾ ಇದ್ದಾನಲ್ಲ.

ಡಾಕ್ಟರ್ ಮೇಡಂ: ಮಕ್ಕಳು ಮಾತಾಡುತ್ತಲೇ ಇರುತ್ತಾರೆ ಅಕ್ಕಾ, ಬಿಪಿ ಕೂಡ ಕೊನೆಯವರೆಗೂ ಸರಿ ಕಾಣುತ್ತದೆ, ಆಮೇಲೆ ಒಮ್ಮೆಗೇ ಬೀಳುತ್ತದೆ. ನೀವು ಹೊರಡಿ, ಓದೋದು ಗಾಡಿಯಲ್ಲಿ ಓದಿ.

ಎಲ್ಲರಿಗೂ ಬರೆಯುತ್ತಿದ್ದೇನೆ, ಯಾಕಂದರೆ ಈ ವಾರ ನಾನು ನೋಡುತ್ತಿರುವುದೇ ಇದು. ಡೆಂಗಿಯಲ್ಲಿ ಜೋರು ಜ್ವರ ಇರುವ ಮೊದಲ ದಿನಗಳಿಗಿಂತ ಜ್ವರ ಬಿಡುವ ಹೊತ್ತೇ ಹೆಚ್ಚು ಅಪಾಯದ್ದು, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ. ಆಗ ಕೆಲವರಲ್ಲಿ ರಕ್ತನಾಳದ ಒಳಗಿನ ನೀರಿನ ಅಂಶ ಹೊರಗೆ ಸೋರುತ್ತದೆ. ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರಿಕೊಳ್ಳುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಕೈಕಾಲಿಗೆ, ಕಿಡ್ನಿಗೆ ರಕ್ತ ಸಾಲುವುದಿಲ್ಲ, ಅದಕ್ಕೇ ಪಾದ ತಣ್ಣಗಾಗುವುದು, ಮೂತ್ರ ನಿಲ್ಲುವುದು. ಮನೆಯವರು ಥರ್ಮಾಮೀಟರ್ ನೋಡಿ ಖುಷಿಪಡುತ್ತಿರುತ್ತಾರೆ. ಈ ಸೋರಿಕೆ ಸಾಮಾನ್ಯವಾಗಿ 24ರಿಂದ 48 ತಾಸು. ಅಷ್ಟು ಹೊತ್ತು ತೂಕ ನೋಡಿ, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಪಿಸಿವಿ ಮತ್ತೆ ಮತ್ತೆ ನೋಡಿ, ಲೆಕ್ಕ ಹಾಕಿ ಸಲೈನ್ ಕೊಟ್ಟರೆ ಬಹಳಷ್ಟು ಮಕ್ಕಳು ಎದ್ದು ಮನೆಗೆ ಹೋಗುತ್ತಾರೆ. ಕಡಿಮೆ ಕೊಟ್ಟರೆ ಬಿಪಿ ಬೀಳುತ್ತದೆ, ಜಾಸ್ತಿ ಕೊಟ್ಟರೆ ಉಸಿರು ಕಟ್ಟುತ್ತದೆ. ಅದಕ್ಕೇ ಮನೆಯಲ್ಲಿ ಮೊಳೆಗೆ ಬಾಟಲಿ ತೂಗುಹಾಕಿ ಸಲೈನ್ ಹಚ್ಚಿಸಬೇಡಿ ಅನ್ನೋದು.

ಜೋರು ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಮಂಪರು ಇಲ್ಲಾ ಚಡಪಡಿಕೆ, ಆರು ತಾಸಾದರೂ ಮೂತ್ರ ಇಲ್ಲ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಹೋಗಬೇಕು, ಜ್ವರ ಇರಲಿ ಬಿಡಲಿ. ಇವು ಯಾವುವೂ ಇಲ್ಲ, ಕುಡಿಯುತ್ತಾರೆ, ಮೂತ್ರ ಆಗುತ್ತಿದೆ ಅಂದರೆ ಡೆಂಗಿ ಇದ್ದರೂ ಮನೆಯಲ್ಲೇ ಇರಬಹುದು, ಡಾಕ್ಟರ್ ಹೇಳಿದಂತೆ ದಿನ ಬಿಟ್ಟು ದಿನವೋ ದಿನಾಲೂವೋ ರಕ್ತ ತೋರಿಸಿದರೆ ಸಾಕು. ಗರ್ಭಿಣಿಯರು, ಕೂಸುಗಳು, ಸಕ್ಕರೆ ಕಾಯಿಲೆಯವರು ಮಾತ್ರ ಮೊದಲೇ ತೋರಿಸಿ. ಮೈಕೈ ನೋವಿಗೆ ಅಂತ ಬ್ರೂಫೆನ್, ಡೈಕ್ಲೋಫಿನಾಕ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಆಗುತ್ತದೆ. ಹೃದಯಕ್ಕೆ ಅಂತ ಆಸ್ಪಿರಿನ್ ಮೊದಲಿಂದ ಇರುವವರು ನೀವಾಗಿಯೇ ಬಿಡಬೇಡಿ, ಡಾಕ್ಟರನ್ನು ಕೇಳಿ.

ಯಾದಗಿರಿ ಹುಡುಗ: ಮೇಡಂ ಪ್ಲೇಟ್‌ಲೆಟ್ ಎಷ್ಟಿದ್ದರೆ ಅಡ್ಮಿಟ್ ಆಗಬೇಕು?

ಡಾಕ್ಟರ್ ಮೇಡಂ: ಎಣಿಕೆ ಅಲ್ಲ, ಲಕ್ಷಣ ನೋಡಿ ಹೋಗಬೇಕು. ಮೇಲೆ ಓದಿ.

ಬೀದರ್ ಮಾಸ್ತರ್: ಡಾಕ್ಟ್ರೆ, ಪಪ್ಪಾಯ ರಸ ನಮ್ಮ ಹಿರಿಯರು ಕೊಟ್ಟ ಔಷಧ. ಅವರೇನು ದಡ್ಡರಾ?

ಡಾಕ್ಟರ್ ಮೇಡಂ: ಪ್ಲೇಟ್‌ಲೆಟ್ ಎಣಿಕೆ ಸ್ವಲ್ಪ ಏರುತ್ತದೆ ಅಂತ ಕೆಲವು ಅಧ್ಯಯನ ಹೇಳುತ್ತವೆ. ಆದರೆ ಆ ಹುಡುಗನಿಗೆ ಈಗ ಇರುವ ತೊಂದರೆ ಎಣಿಕೆಯದ್ದಲ್ಲ, ಸೋರಿಕೆಯದ್ದು. ಸೋರಿಕೆಯನ್ನು ಎಲೆ ನಿಲ್ಲಿಸುವುದಿಲ್ಲ. ವಾಂತಿ ಮಾಡುತ್ತಿರುವ ಮಗುವಿಗೆ ಕಹಿ ರಸ ಕುಡಿಸಿದರೆ ಇನ್ನೊಂದು ವಾಂತಿ, ಇನ್ನೆರಡು ತಾಸು ಹಾಳು.

ಆಳಂದ ಟೀಚರ್: ಮಾಸ್ತರ್ರೇ, ಹಿರಿಯರ ಕಾಲದಲ್ಲಿ ಮನೆಯಲ್ಲಿ ಎಂಟು ಹೆತ್ತು ನಾಲ್ಕು ಉಳಿಸಿಕೊಳ್ಳುತ್ತಿದ್ದರು. ಅದನ್ನೂ ಫಾರ್ವರ್ಡ್ ಮಾಡಿ.

ಬೀದರ್ ಮಾಸ್ತರ್: ನಾನು 34 ವರ್ಷ ಪಾಠ ಹೇಳಿದವ. ನಿಮ್ಮಿಂದ ಕಲಿಯಬೇಕಾಗಿಲ್ಲ.

ಸೂಪರ್ ಮಾರ್ಕೆಟ್ ಅಣ್ಣ: ಮಾಸ್ತರ್ ಹೇಳೋದರಲ್ಲೂ ತಪ್ಪಿಲ್ಲ. ದವಾಖಾನೆಗೆ ಹೋದರೆ ಹೆದರಿಸಿ ಮಲಗಿಸಿಕೊಳ್ಳುತ್ತಾರೆ. ಹೋದ ವರ್ಷ ನನ್ನ ತಮ್ಮನಿಗೆ ಒಂದು ಕಡೆ ಪ್ಲೇಟ್‌ಲೆಟ್ 45 ಸಾವಿರ ಅಂತ ನಾಲ್ಕು ಚೀಲ ಹಾಕಿ ಬಿಲ್ ಕೈಗೆ ಕೊಟ್ಟರು. ಅವನು ಆರಾಮಾಗಿ ಕೂತು ಇಡ್ಲಿ ತಿನ್ನುತ್ತಿದ್ದ.

ಡಾಕ್ಟರ್ ಮೇಡಂ: ಈ ದೂರು ನ್ಯಾಯವಾದದ್ದು. ರಕ್ತಸ್ರಾವ ಇಲ್ಲದಿದ್ದರೆ 45 ಸಾವಿರಕ್ಕೆ ಪ್ಲೇಟ್‌ಲೆಟ್ ಹಾಕುವ ಅಗತ್ಯ ಇಲ್ಲ. ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಇಳಿದಾಗ ಯೋಚನೆ ಮಾಡುತ್ತೇವೆ. ಮುಂದಿನ ಸಲ ಯಾಕೆ ಹಾಕುತ್ತಿದ್ದೀರಿ, ಪಿಸಿವಿ ಎಷ್ಟಿದೆ ಅಂತ ಕೇಳಿ, ಕೇಳುವುದು ನಿಮ್ಮ ಹಕ್ಕು. ಆದರೆ ನಿಮ್ಮ ತಮ್ಮನ ಬಿಲ್ಲಿನ ಸಿಟ್ಟಿಗೆ ಶಹಾಬಾದಿನ ಹುಡುಗ ಮನೆಯಲ್ಲಿ ಉಳಿಯಬಾರದು.

ಸೂಪರ್ ಮಾರ್ಕೆಟ್ ಅಣ್ಣ: ನಾನು ಉಳಿಸಿಕೊಳ್ಳಿ ಅಂದೆನಾ? ಥೈರಾಯ್ಡ್ ಕೇಳಿ ಒಂದು ತಾಸಾಯಿತು, ಅದಕ್ಕೆ ಉತ್ತರ ಇಲ್ಲ.

ಜೇವರ್ಗಿ ರೈತ: ಮೇಡಂ, ಹತ್ತಿಗೆ ಹುಳದ ಎಣ್ಣೆ (ಕೀಟನಾಶಕ) ಹೊಡೆದು ಬಂದ ಆಳು ತಲೆ ಸುತ್ತುತ್ತದೆ ಅಂತಾನೆ. ಬೆವರು ಜಾಸ್ತಿ, ಬಾಯಲ್ಲಿ ಜೊಲ್ಲು. ಬಿಸಿಲಿಗೆ ಆಗಿರಬೇಕು ಅಂತ ಹುಣಸೆ ಪಾನಕ ಕೊಟ್ಟು ಮಲಗಿಸಿದ್ದೇವೆ.

ಡಾಕ್ಟರ್ ಮೇಡಂ: ಜೊಲ್ಲು ಸುರಿಯುತ್ತಿದೆ ಅಂದರೆ ಬಿಸಿಲು ಅಂದುಕೊಳ್ಳಬೇಡಿ, ಔಷಧ ಮೈಗೆ ಏರಿರಬಹುದು. ಕಣ್ಣಿನ ಪಾಪೆ ನೋಡಿ, ಸೂಜಿ ಮೊನೆಯಷ್ಟು ಸಣ್ಣ ಆಗಿದ್ದರೆ ಅನುಮಾನವೇ ಬೇಡ, ಸಣ್ಣ ಆಗದಿದ್ದರೂ ಹೊರಡಿ. ಬಟ್ಟೆ ಪೂರ್ತಿ ಬಿಚ್ಚಿ, ಸೋಪು ಹಚ್ಚಿ ತಲೆಯಿಂದ ಮೈ ತೊಳೆಯಿರಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಬಾಯಿಗೆ ಇನ್ನೇನೂ ಹಾಕಬೇಡಿ, ವಾಂತಿ ಮಾಡಿಸಬೇಡಿ. ಒಬ್ಬರು ತೊಳೆಯುವಾಗ ಇನ್ನೊಬ್ಬರು ಗಾಡಿ ತರಲಿ. ಔಷಧದ ಡಬ್ಬಿ ಜೊತೆಗೆ ಬರಲಿ, ಮೇಲಿನ ಚೀಟಿ ನೋಡಿದರೆ ಚಿಕಿತ್ಸೆ ಬೇಗ ಆಗುತ್ತದೆ. ಮಲಗಿಸಬೇಕಾದರೆ ಮಗ್ಗುಲಾಗಿ ಮಲಗಿಸಿ.

ಜೇವರ್ಗಿ ರೈತ: ಹೊರಟೆವು ಮೇಡಂ.

ಸೇಡಂ ಅಕ್ಕ: ಮೇಡಂ, ನಮ್ಮ ಮನೆಯವರಿಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡು ದಿನದಿಂದ ಗ್ಯಾಸ್, ಮೆಟ್ಟಿಲು ಹತ್ತಿದರೆ ಎದೆ ಉರಿ, ದವಡೆ ಹಿಡಿಯುತ್ತದೆ. ಈಗ ಸುಮ್ನೆ ಕೂತಾಗಲೂ ಶುರುವಾಗಿದೆ. ಬೆವರುತ್ತಿದ್ದಾರೆ. ಯಾವ ಸಿರಪ್ ಕೊಡಲಿ?

ಡಾಕ್ಟರ್ ಮೇಡಂ: ಗ್ಯಾಸ್ ಅಂತ ಯಾರು ಹೇಳಿದರು? ಸಿರಪ್ ಬೇಡ. ಈಗಲೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಅದರಲ್ಲಿ ಏನಾದರೂ ಕಂಡರೆ ಅವರೇ ಕಲಬುರಗಿ ಜಯದೇವ ಹೃದಯದ ಆಸ್ಪತ್ರೆಗೆ ಕಳಿಸುತ್ತಾರೆ.

ಬೀದರ್ ಮಾಸ್ತರ್: ಒಬ್ಬರೇ ಇದ್ದಾಗ ಹೃದಯಾಘಾತ ಆದರೆ ಜೋರಾಗಿ ಕೆಮ್ಮುತ್ತಾ ಇರಿ, ರಕ್ತ ಓಡುತ್ತದೆ, ಆಸ್ಪತ್ರೆ ತಲುಪುವವರೆಗೆ ಪ್ರಾಣ ಉಳಿಯುತ್ತದೆ. ಎಲ್ಲರಿಗೂ ತಲುಪಿಸಿ.

ಡಾಕ್ಟರ್ ಮೇಡಂ: ಮಾಸ್ತರ್, ಇದು ಸುಳ್ಳು. ಕೆಮ್ಮುತ್ತಾ ಕೂತವರು ಫೋನ್ ಮಾಡುವ ಹತ್ತು ನಿಮಿಷ ಕಳೆದುಕೊಳ್ಳುತ್ತಾರೆ. ಅಡ್ಮಿನ್, ಇವರನ್ನು ತೆಗೆಯಿರಿ, ಇಲ್ಲಾ ನಾನು ಹೋಗುತ್ತೇನೆ.

ಬೀದರ್ ಮಾಸ್ತರ್: ಇಂಗ್ಲಿಷ್ ಔಷಧದವರಿಗೆ ಸೊಕ್ಕು ಜಾಸ್ತಿ.

ಆಳಂದ ಟೀಚರ್: ಮಾಸ್ತರ್ರೇ, ನಿಮ್ಮ ಬಿಪಿ ಗುಳಿಗೆ ಯಾವ ಔಷಧ? ಅದೂ ಇಂಗ್ಲಿಷೇ ಅಲ್ವಾ?

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ. ಮಾಸ್ತರ್ ಸರ್, ಇನ್ನೊಂದು ಫಾರ್ವರ್ಡ್ ಬಂದರೆ ನಿಜವಾಗಲೂ ತೆಗೆಯುತ್ತೇನೆ.

ಯಾದಗಿರಿ ಹುಡುಗ: ಮೇಡಂ ನನಗೆ ಈಗ 101. ಡೆಂಗಿ ಇರಬಹುದಾ?

ಡಾಕ್ಟರ್ ಮೇಡಂ: ಮೂತ್ರ ಆಗುತ್ತಿದೆಯಾ, ಊಟ ಸೇರುತ್ತಿದೆಯಾ? ಹಾಗಾದರೆ ಮಲಗಿ. ಮೂರನೇ ದಿನವೂ ಇಳಿಯದಿದ್ದರೆ ರಕ್ತ ತೋರಿಸಿ.

ಶಹಾಬಾದ್ ಅಕ್ಕ: ಮೇಡಂ ಗಾಡಿ ಸಿಕ್ಕಿತು. ಮೈದುನ ಓಡಿಸುತ್ತಿದ್ದಾನೆ. ನೀವು ಬರೆದದ್ದನ್ನೇ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ಡಾಕ್ಟರ್ ಮೇಡಂ: ಸರಿ. ಅಲ್ಲಿ ಪದೇ ಪದೇ ರಕ್ತ ತೆಗೆಯುತ್ತಾರೆ, ಯಾಕೆ ಚುಚ್ಚುತ್ತೀರಿ ಅಂತ ಜಗಳ ಮಾಡಬೇಡಿ, ಅದೇ ಬೇಕಾಗಿರುವುದು. ಮೂತ್ರ ಎಷ್ಟು ಆಯಿತು ಅಂತ ಅಳೆದು ಹೇಳಿ.

ಸೇಡಂ ಅಕ್ಕ: ಇವರು ಕೇಳುತ್ತಿಲ್ಲ ಮೇಡಂ. ನಾಳೆ ಸೋಮವಾರ ಹೋಗೋಣ ಅಂತಾರೆ, ಸೋಡಾ ತರಿಸಿ ಕುಡಿದರು.

ಡಾಕ್ಟರ್ ಮೇಡಂ: ಫೋನ್ ಅವರ ಕೈಗೆ ಕೊಡಿ. ಅಣ್ಣಾ, ಸಕ್ಕರೆ ಕಾಯಿಲೆಯವರಿಗೆ ಎಷ್ಟೋ ಸಲ ಹೃದಯದ ನೋವು ಸರಿಯಾಗಿ ಗೊತ್ತೇ ಆಗುವುದಿಲ್ಲ, ಉರಿ, ಸುಸ್ತು ಅಂತಲೇ ಬರುತ್ತದೆ. ಇಸಿಜಿ ಐದು ನಿಮಿಷದ ಕೆಲಸ. ಸರಿ ಬಂದರೂ ತಕ್ಷಣ ಎದ್ದು ಬರಬೇಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಮಾಡಲಿ. ಏನೂ ಇಲ್ಲ ಅಂದರೆ ಬಂದು ನನ್ನನ್ನು ಬೈಯಿರಿ.

ಸೂಪರ್ ಮಾರ್ಕೆಟ್ ಅಣ್ಣ: ಥೈರಾಯ್ಡ್...

ಅಡ್ಮಿನ್: 9 ಗಂಟೆ ಆಯಿತು. ಹೊಸ ಪ್ರಶ್ನೆ ಹಾಕಬೇಡಿ.

ಸೇಡಂ ಅಕ್ಕ: ಒಪ್ಪಿದರು ಮೇಡಂ. ಬೈಕ್ ಹೊರಗೆ ತೆಗೆಯುತ್ತಿದ್ದಾರೆ.

ಡಾಕ್ಟರ್ ಮೇಡಂ: ಬೈಕ್ ಅವರು ಓಡಿಸಬಾರದು. ಹಿಂದೆ ಕೂರಿಸುವುದೂ ಬೇಡ. ಅವರನ್ನು ಕೂರಿಸಿ, ಪಕ್ಕದ ಮನೆಯವರಿಗೆ ಆಟೋ ತರಲು ಹೇಳಿ, ನೀವು 108ಕ್ಕೂ ಫೋನ್ ಹಚ್ಚಿ. ಯಾವುದು ಮೊದಲು ಬರುತ್ತದೋ ಅದರಲ್ಲಿ ಹೊರಡಿ.